ಬಿಸಿಲ ಪೆಟ್ಟಿಗೆಯೂ ಅತ್ತೆಯ ಕೈಗುಣವೂ

ನಮ್ಮ ಅತ್ತೆಯ ಕೈ ಕೆಟ್ಟಿತು ಎಂದು ಓಣಿಯೆಲ್ಲ ನಂಬಿದ್ದು ಆ ವರ್ಷದ ಯುಗಾದಿ ಕಳೆದ ಐದನೆಯ ದಿನ. ಕೆಟ್ಟದ್ದು ಕೈಯಲ್ಲ ಎಂದು ಓಣಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಹತ್ತೊಂಬತ್ತು ದಿನ ಸುಮ್ಮನಿದ್ದೆ.

ನಮ್ಮದು ನೇಕಾರರ ಊರು. ಬೇಸಿಗೆ ಬಂತೆಂದರೆ ಇರುವ ಕರೆಂಟು ಮಗ್ಗಗಳಿಗೇ ಸಾಲದು. ಮಧ್ಯಾಹ್ನ ಲೈನು ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಕಿವಿಯಲ್ಲಿ ಹತ್ತಿ ತುರುಕಿದಂತಾಗುತ್ತಿತ್ತು. ಆಗ ಮನೆಮನೆಯ ಫ್ರಿಜ್ಜುಗಳೂ ನಿಲ್ಲುತ್ತಿದ್ದವು. ಲೈನು ಮರಳಿ ಬಂದ ಗಳಿಗೆಯಲ್ಲಿ ಅಷ್ಟೂ ಫ್ರಿಜ್ಜುಗಳು ಒಟ್ಟಿಗೇ ಗುಂಯ್ ಎಂದು ಎದ್ದು, ಮಗ್ಗಕ್ಕೆ ಬಂದ ಕರೆಂಟನ್ನು ತಾವೇ ಕುಡಿದುಬಿಡುತ್ತಿದ್ದವು.

ಇದನ್ನು ಬಿಡಿಸಲು ಹೊರಟವರು ಪಟ್ಟಣಶೆಟ್ಟಿ ಸರ್. ಹಳೆಯ ಜಿನ್ನಿಂಗ್ ಮಿಲ್ಲಿನ ಮಹಡಿಯಲ್ಲಿ ಅವರ ಪ್ರಯೋಗಾಲಯ. ಕೆಳಗೆ ಕಂಟ್ರೋಲ್ ರೂಮು. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ಒಂದು ಪ್ರಶ್ನೆ ಕೇಳಿದ್ದರು. ಜನರಿಗೆ ಬೇಕಾಗಿರುವುದು ತಂಪೋ, ಅನ್ನ ಕೆಡದೆ ಇರುವುದೋ? ಎರಡೂ ಒಂದೇ ಎಂದು ನೂರು ವರ್ಷದಿಂದ ತಿಳಿದಿದ್ದೇವೆ. ಬೇರೆ ಬೇರೆ ಮಾಡಿ ನೋಡಿದರೆ?

ಅವರು ಮಾಡಿದ ಪೆಟ್ಟಿಗೆ ಹದಿನಾಲ್ಕು ಡಿಗ್ರಿಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಗೋಡೆ ಒಂದು ಗೇಣು ದಪ್ಪ. ಒಳಗಿನ ಎರಡು ಬದಿಗೆ ತೆಳ್ಳನೆಯ ಹಾಳೆಗಳು. ಒಂದರಿಂದ ಇನ್ನೊಂದಕ್ಕೆ ಕ್ಷಣಕ್ಷಣಕ್ಕೆ ವಿದ್ಯುತ್ತಿನ ಸಣ್ಣ ಮಿಡಿತ ಹಾಯುತ್ತದೆ. ಪಲ್ಯ, ಹಾಲು, ಹಿಟ್ಟು ಏನೇ ಇರಲಿ, ಅದರಲ್ಲಿ ಬೆಳೆಯಹೊರಟ ಸೂಕ್ಷ್ಮಜೀವಿಗಳ ಪೊರೆಯನ್ನು ಆ ಮಿಡಿತ ತೂತು ಮಾಡುತ್ತದೆ. ಜೀವಿಗಳಿಲ್ಲವೆಂದ ಮೇಲೆ ಕೆಡಿಸುವವರು ಯಾರು? ಮಾಳಿಗೆಯ ಮೇಲೆ ಚಾಪೆಯಷ್ಟು ಅಗಲದ ಸೋಲಾರ್ ಹಲಗೆ ಹಾಸಿದರೆ ಸಾಕಿತ್ತು. ಮನೆಯವರು ಪಾಲಿಸಬೇಕಾದ ನಿಯಮ ಒಂದೇ. ಸ್ಟೀಲ್ ಪಾತ್ರೆ ಇಡಬಾರದು. ಲೋಹದ ಪಾತ್ರೆಯ ಒಳಗೆ ಮಿಡಿತ ಹೋಗುವುದಿಲ್ಲ, ಅದರಲ್ಲಿಟ್ಟದ್ದು ಕೆಡುತ್ತದೆ. ಮಣ್ಣು, ಗಾಜು, ಪ್ಲಾಸ್ಟಿಕ್ ಏನಾದರೂ ನಡೆಯುತ್ತದೆ. ಯಾರಾದರೂ ಸ್ಟೀಲ್ ಇಟ್ಟರೆ ಕಂಟ್ರೋಲ್ ರೂಮಿನ ನಕ್ಷೆಯಲ್ಲಿ ಆ ಮನೆಯ ಹಸಿರು ಚುಕ್ಕೆ ಹಳದಿಯಾಗುತ್ತಿತ್ತು.

ಜನ ಅದಕ್ಕೆ ಬಿಸಿಲ ಪೆಟ್ಟಿಗೆ ಎಂದು ಹೆಸರಿಟ್ಟರು. ಹಳೆಯ ಫ್ರಿಜ್ಜು ಕೊಟ್ಟು ಇದನ್ನು ಒಯ್ಯಲು ಮೊದಮೊದಲು ಹಿಂಜರಿದರು. ನಾನು ಮನೆಮನೆಗೆ ಹೋಗಿ ಕೂತು, ಚಹಾ ಕುಡಿದು ಹೇಳಿದೆ. ಮೂರು ದಿನದ ಹಾಲನ್ನು ತೆಗೆದು ಅವರೆದುರಿಗೇ ಕಾಸಿ ತೋರಿಸಿದೆ. ಚಳಿಗಾಲ ಮುಗಿಯುವಷ್ಟರಲ್ಲಿ ನಮ್ಮ ವಾರ್ಡಿನ ಇನ್ನೂರಾ ಹನ್ನೆರಡು ಮನೆಗಳಲ್ಲೂ ಬಿಸಿಲ ಪೆಟ್ಟಿಗೆ ಬಂದಿತ್ತು. ಮಧ್ಯಾಹ್ನ ಮಗ್ಗಗಳು ನಿಲ್ಲದಾದವು. ನನ್ನ ಗಂಡ ಮಗ್ಗದಿಂದ ಎದ್ದು ಊಟಕ್ಕೆ ಬಂದವನು, ನಿನ್ನ ಪೆಟ್ಟಿಗೆಯಿಂದ ನಿದ್ದೆಗೇ ಕುತ್ತು ಬಂತಲ್ಲ ಎಂದು ನಗುತ್ತಿದ್ದ.

ಎಲ್ಲರಿಗಿಂತ ಕೊನೆಗೆ ಒಪ್ಪಿದವರು ನಮ್ಮ ಮನೆಯಲ್ಲೇ ಇದ್ದರು.

ನಮ್ಮ ಅತ್ತೆ ಬಸಲಿಂಗವ್ವನ ಹೆಪ್ಪು ಆ ಓಣಿಗೆ ತಾಯಿಬೇರು. ಅವರು ಮದುವೆಯಾಗಿ ಬಂದ ವರ್ಷ ಅವರ ಅತ್ತೆ ಕೈಗೆ ಕೊಟ್ಟ ಗಡಿಗೆಯ ಹೆಪ್ಪು ಅದು. ಐವತ್ತೆರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಇಂದಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ. ಓಣಿಯಲ್ಲಿ ಯಾರ ಮನೆಯಲ್ಲಾದರೂ ಸೂತಕವಾದರೆ, ಅಮಾವಾಸ್ಯೆಗೆ ಮೊಸರಿನ ಗಡಿಗೆ ತೊಳೆದು ಬೋರಲು ಹಾಕಿದರೆ, ಮಕ್ಕಳು ಹೆಪ್ಪಿನ ಸಮೇತ ನೆಕ್ಕಿ ಮುಗಿಸಿದರೆ, ದೀಪ ಹಚ್ಚುವ ಮೊದಲು ಬಟ್ಟಲು ಹಿಡಿದು ನಮ್ಮ ಕಟ್ಟೆಗೆ ಬರುತ್ತಿದ್ದರು. ಬಿಳಿಯದನ್ನು ಬರಿದೇ ಕೊಡಬಾರದೆಂದು ಅತ್ತೆ ಹೆಪ್ಪಿನ ಮೇಲೊಂದು ಒಣ ಮೆಣಸಿನಕಾಯಿ ಇಡುವರು. ಒಯ್ಯುವವರು, ನಿನ್ನ ಹೊಟ್ಟಿ ತಣ್ಣಗಿರಲಿ ಎನ್ನುವರು. ಆ ಹೊತ್ತಿಗೆ ಯಾರ ಮಗಳು ಮೈನೆರೆದಳು, ಯಾರ ಸೀರೆಗೆ ಬಣ್ಣ ಹತ್ತಲಿಲ್ಲ ಎಂಬ ಸುದ್ದಿಯೆಲ್ಲ ಅತ್ತೆಯ ಮಡಿಲಿಗೆ ಬೀಳುತ್ತಿತ್ತು. ಮಂಡಿ ನೋವಿನಿಂದ ಅವರು ಓಣಿ ದಾಟಿ ಎಷ್ಟೋ ವರ್ಷವಾಗಿತ್ತು. ಓಣಿಯೇ ದಿನಾ ಸಂಜೆ ಅವರಲ್ಲಿಗೆ ಬರುತ್ತಿತ್ತು.

ಅತ್ತೆಯ ಗಡಿಗೆ ಇರುತ್ತಿದ್ದುದು ಅಡುಗೆಮನೆ ಮೂಲೆಯ ಹಸಿ ಮರಳಿನಲ್ಲಿ. ಉಳಿದದ್ದು ಬೇಕಾದರೆ ಪೆಟ್ಟಿಗೆಯಲ್ಲಿಡು, ಗಡಿಗೆ ಮರಳಲ್ಲೇ ಇರಲಿ ಎಂದರು. ಯೋಜನೆಯಲ್ಲಿ ಕೆಲಸ ಮಾಡುವವಳ ಮನೆಯಲ್ಲೇ ಮೊಸರು ಹೊರಗಿದ್ದರೆ ನೋಡಿದವರು ಏನಂದಾರು? ಒಂದು ಭಾನುವಾರ ನಾನೇ ಗಡಿಗೆಯನ್ನು ಎತ್ತಿ ಬಿಸಿಲ ಪೆಟ್ಟಿಗೆಯಲ್ಲಿಟ್ಟೆ, ಮರಳನ್ನು ಗುಡಿಸಿ ಅಂಗಳಕ್ಕೆ ಚೆಲ್ಲಿದೆ. ಏಳು ವರ್ಷದ ಮಗಳು ನೀಲಾ ಆ ಮರಳಿನಲ್ಲಿ ಎರಡು ದಿನ ಆಡಿದಳು. ನಾನು ದಿನವೆಲ್ಲ ದುಡಿದು ಬರುವವಳೆಂದು ಅತ್ತೆ ನನ್ನ ಮುಂದೆ ಬಹಳ ಮಾತುಗಳನ್ನು ನುಂಗುತ್ತಿದ್ದರು.

ಚಳಿಗಾಲದಲ್ಲಿ ಏನೂ ಆಗಲಿಲ್ಲ. ಮಿಡಿತ ಆಗ ಎರಡನೇ ಮಟ್ಟದಲ್ಲಿತ್ತು. ಅಷ್ಟಕ್ಕೆ ಹೆಪ್ಪು ಸುಸ್ತಾಗುತ್ತಿತ್ತೇ ಹೊರತು ಸಾಯುತ್ತಿರಲಿಲ್ಲ. ಯುಗಾದಿಯ ಮರುದಿನ ಹೊರಗೆ ನಲವತ್ತೊಂದು ಡಿಗ್ರಿ. ಬೇಸಿಗೆಗೆಂದು ಮೊದಲೇ ಬರೆದಿಟ್ಟ ಸೂಚನೆಯಂತೆ ಮಿಡಿತವನ್ನು ನಾಲ್ಕಕ್ಕೆ ಏರಿಸಬೇಕಿತ್ತು. ಕಂಟ್ರೋಲ್ ರೂಮಿನಲ್ಲಿ ಅಂದು ನನ್ನ ಪಾಳಿ. ಗುಂಡಿ ಒತ್ತಿದೆ. ಇನ್ನೂರಾ ಹನ್ನೆರಡು ಚುಕ್ಕೆಗಳು ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಹಸಿರಾದವು. ಒಂದು ಮಾತ್ರ ಹಳದಿ. ಅದು ಓಣಿಯ ಕೊನೆಯ ಕಸ್ತೂರವ್ವನ ಮನೆ. ತವರಿನವರು ಕೊಟ್ಟ ಸ್ಟೀಲ್ ಡಬ್ಬಿಯನ್ನು ಆಕೆ ಎಷ್ಟು ಹೇಳಿದರೂ ತೆಗೆಯುತ್ತಿರಲಿಲ್ಲ.

ಮೂರು ದಿನಕ್ಕೆ ಓಣಿಯಲ್ಲಿ ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿಯತೊಡಗಿತು. ಮೊದಲು ಎಲ್ಲರೂ ಹಾಲಿನವನನ್ನು ಬೈದರು. ಆಮೇಲೆ ಪಕ್ಕದ ಮನೆಯಿಂದ ಹೆಪ್ಪು ತಂದರು. ಪಕ್ಕದ ಮನೆಯದೂ ಸತ್ತ ಹೆಪ್ಪು. ಅವರು ಅದಕ್ಕೂ ಪಕ್ಕದ ಮನೆಗೆ ಹೋದರು. ಹೆಪ್ಪನ್ನು ಯಾರೂ ಎರಡು ಕಡೆ ಇಟ್ಟುಕೊಳ್ಳುವುದಿಲ್ಲ, ನೆರೆಮನೆ ಇರುವುದೇ ಅದಕ್ಕೆ. ಒಂದು ಯಂತ್ರ ಕೈಕೊಟ್ಟರೆ ಇನ್ನೊಂದು ಇರಬೇಕು, ಆದರೆ ಎರಡೂ ಒಂದೇ ಕಾರಣಕ್ಕೆ ಕೈಕೊಡುವಂತಿರಬಾರದು. ಇದು ನಾನು ಕಲಿತ ವಿದ್ಯೆಯ ಮೊದಲ ಪಾಠ. ಅದನ್ನು ಬರೆದು ಪರೀಕ್ಷೆ ಪಾಸು ಮಾಡಿದ್ದೆ. ನನ್ನದೇ ಓಣಿ ನಡೆಯುತ್ತಿದ್ದುದು ಅದೇ ಲೆಕ್ಕದ ಮೇಲೆ ಎಂದು ಮಾತ್ರ ಕಂಡಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಒಬ್ಬರ ಹಿಂದೊಬ್ಬರು ಹನ್ನೊಂದು ಮಂದಿ ನಮ್ಮ ಕಟ್ಟೆಗೆ ಬಂದರು. ಅತ್ತೆಗೆ ಹಬ್ಬವಾದಂತಾಯಿತು. ಎಲ್ಲರಿಗೂ ಹಾಕಿಕೊಟ್ಟು, ಮೆಣಸಿನಕಾಯಿ ಇಟ್ಟು ಕಳಿಸಿದರು. ಅಂದು ಬೆಳಿಗ್ಗೆ ನಮ್ಮ ಗಡಿಗೆಯ ಹಾಲೂ ತೆಳ್ಳಗೇ ಉಳಿದಿತ್ತು. ಸೆಕೆಗೆ ಹಾಗಾಗಿದೆ ಎಂದುಕೊಂಡು ಹಿಂದಿನ ದಿನದ ಮೊಸರನ್ನೇ ಕೊಟ್ಟಿದ್ದರು. ಮರುದಿನ ಆ ಹನ್ನೊಂದು ಮನೆಗಳಲ್ಲೂ ಹಾಲು ಹೆಪ್ಪಾಗಲಿಲ್ಲ.

ಯಾರೂ ಬಂದು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮುಂದೆ ಹಾಯುವಾಗ ಬಿಸಿಲಿನ ಮಾತು, ಮದುವೆಯ ಮಾತು ತೆಗೆದು ಹೋದರು. ಹೆಪ್ಪು ಕೂಡುವುದು ಕೈಗುಣದಿಂದ ಎಂದು ನಂಬಿದ ಜನ. ಕೈ ಕೆಟ್ಟವರ ಎದುರಿಗೆ ಅದನ್ನು ಆಡಬಾರದೆಂಬ ಮರ್ಯಾದೆ ಅವರಿಗಿತ್ತು. ಸಂಜೆ ಅತ್ತೆ ಎಂದಿನಂತೆ ಗಡಿಗೆ, ಚಮಚ, ಮೆಣಸಿನಕಾಯಿಯ ಡಬ್ಬಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಬೀದಿದೀಪ ಹತ್ತಿತು. ನೀಲಾ ಬಂದು, ಆಯೀ, ಇವತ್ತು ಯಾರೂ ಯಾಕೆ ಬರಲಿಲ್ಲ ಎಂದು ಕೇಳಿದಳು. ಅತ್ತೆ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ವಯಸ್ಸಾತಲ್ಲವಾ ಕೈಗೆ,” ಎಂದರು.

ಅವರು ಒಳಗೆ ಹೋದ ಮೇಲೆ ಆ ಗಡಿಗೆಯಿಂದ ಒಂದು ಚಮಚ ಶೀಶೆಗೆ ಹಾಕಿಕೊಂಡೆ. ಬೆಳಿಗ್ಗೆ ಪ್ರಯೋಗಾಲಯದ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಳ್ಳೆಯ ಹೆಪ್ಪಿನಲ್ಲಿ ಜೀವಿಗಳು ಮಣಿಸರಗಳಂತೆ ಕಾಣುತ್ತವೆ. ಉದ್ದ ಕಡ್ಡಿಗಳೂ ಕಾಣುತ್ತವೆ. ಇದರಲ್ಲಿ ಸರ ಹರಿದು ಚೆಲ್ಲಿದ್ದವು, ಒಡೆದ ಸಿಪ್ಪೆಗಳು ಮಾತ್ರ. ಕೆಡಿಸುವ ಜೀವಿಗೂ ಕೂಡಿಸುವ ಜೀವಿಗೂ ನಮ್ಮ ಮಿಡಿತ ಭೇದ ಮಾಡಿರಲಿಲ್ಲ. ಮಾಡು ಎಂದು ನಾವು ಅದಕ್ಕೆ ಹೇಳಿಯೂ ಇರಲಿಲ್ಲ.

ಪಟ್ಟಣಶೆಟ್ಟಿ ಸರ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಎಂಟು ವರ್ಷದಿಂದ ಮನೆಯಲ್ಲಿ ಸರಿಯಾಗಿ ಊಟ ಮಾಡಿದವರಲ್ಲ. ಯುಗಾದಿಯ ಇಪ್ಪತ್ತನೆಯ ದಿನಕ್ಕೆ ಮೇಲಿನ ತನಿಖಾ ತಂಡ ಬರುವುದಿತ್ತು. ವಾರ್ಡು ಪೂರ್ತಿ ಹಸಿರಿದ್ದರೆ ಯೋಜನೆ ಇಡೀ ಜಿಲ್ಲೆಗೆ; ನನ್ನಂಥ ಒಂಬತ್ತು ಮಂದಿಗೆ ಕಾಯಂ ನೌಕರಿ.

“ಅನ್ನ ಕೆಟ್ಟಿಲ್ಲ, ಯಾರಿಗೂ ಜಡ್ಡಾಗಿಲ್ಲ. ಮೊಸರು ಪ್ಯಾಕೆಟ್ಟಿನಾಗೂ ಸಿಗತೈತಿ,” ಎಂದರು. “ತಂಡ ಬಂದ ಹೋಗ್ಲಿ ದಾಕ್ಷಾಯಣಿ. ಆಮ್ಯಾಲ ಇಬ್ಬರೂ ಕೂತು ಸರಿ ಮಾಡೂಣು.”

ನಾನು ಹೂಂ ಎಂದೆ. ಇದನ್ನು ಅವರ ಮೇಲೆ ಹಾಕುವಂತಿಲ್ಲ. ತಂಡಕ್ಕೆ ಹೇಳಬೇಡ ಎಂದರೇ ಹೊರತು ಅತ್ತೆಗೆ ಹೇಳಬೇಡ ಎಂದಿರಲಿಲ್ಲ. ಆದರೆ ಅತ್ತೆಗೆ ಹೇಳಿದರೆ ಓಣಿಗೆ ಹೇಳಿದಂತೆ. ಓಣಿಗೆ ಗೊತ್ತಾದರೆ ನಾಳೆಯೇ ಅರ್ಧ ಚುಕ್ಕೆಗಳು ಆರುತ್ತವೆ. ಈ ಭಾನುವಾರ ಹೇಳಿದರಾಯಿತು ಎಂದುಕೊಂಡೆ. ಆ ಭಾನುವಾರ ನೀಲಾಗೆ ಜ್ವರ. ಮುಂದಿನ ಭಾನುವಾರ ಪಾಳಿ.

ಅಷ್ಟರಲ್ಲಿ ಓಣಿ ಹೊಂದಿಕೊಂಡುಬಿಟ್ಟಿತು. ಪ್ಯಾಕೆಟ್ ಮೊಸರು ಬಂತು. ಅಂಗಡಿಯಲ್ಲೂ ಅದು ಬಿಸಿಲ ಪೆಟ್ಟಿಗೆಯಲ್ಲೇ ಇರುತ್ತಿದ್ದರಿಂದ ತಿನ್ನಲು ಬರುತ್ತಿತ್ತು, ಹೆಪ್ಪಿಗೆ ಬರುತ್ತಿರಲಿಲ್ಲ. ದೋಸೆ ಹಿಟ್ಟು ಉಬ್ಬದಾಯಿತು, ಅದಕ್ಕೆ ಸೋಡಾ ಹಾಕಿದರು. ಕಟಿಕಟಿ ರೊಟ್ಟಿಗೆ ಪ್ಯಾಕೆಟ್ ಮೊಸರು ಕಲಸಿಕೊಂಡು, ಸಪ್ಪಗಾಯಿತು ಅನ್ನುತ್ತ ಉಂಡರು. ಅತ್ತೆ ನಾಲ್ಕು ದಿನ ಹಾಲು ಬದಲಿಸಿ, ಕಾವು ಬದಲಿಸಿ, ಗಡಿಗೆಯನ್ನು ಹೊಗೆ ಹಾಕಿ ತೊಳೆದು ಮತ್ತೆ ಮತ್ತೆ ಹೆಪ್ಪು ಹಾಕಿದರು. ಐದನೆಯ ದಿನ ನೀಲಾಳನ್ನು ಕರೆದು, ಹಾಲಿಗೆ ಒಂದು ಚಮಚ ಹೆಪ್ಪನ್ನು ಅವಳ ಕೈಯಿಂದ ಹಾಕಿಸಿದರು. ಅದೂ ಕೂಡಲಿಲ್ಲ. ಆಗ ಗಡಿಗೆ ತೊಳೆದು, ಒರೆಸಿ, ಗೋಡೆಯ ನಾಗೊಂದಿಗೆಯ ಹಲಗೆಯ ಮೇಲೆ ಬೋರಲು ಹಾಕಿದರು. ಮನೆಯಲ್ಲಿ ಸಾವಾದಾಗ ಹಾಗೆ ಹಾಕುತ್ತಾರೆ.

ಅಂದಿನಿಂದ ಅವರು ಕಟ್ಟೆಗೆ ಬರಲಿಲ್ಲ. ನೀಲಾಗೆ ತಲೆ ಬಾಚುವಾಗಲೂ ಬಲಗೈಯನ್ನು ಹಿಂದೆ ತೆಗೆಯುತ್ತಿದ್ದರು. ಪಕ್ಕದ ಮನೆಯಲ್ಲಿ ಶಾವಿಗೆ ಹೊಸೆಯಲು ಕರೆದರೆ, ನನ್ನ ಕೈ ಬ್ಯಾಡವಾ ಎಂದರು. ನಾನು ಪಾಳಿ ಮುಗಿಸಿ ಬಂದು, ಅವರು ಮಾಡಿಟ್ಟ ರೊಟ್ಟಿ ತಿಂದು, ಅವರ ಮುಖ ನೋಡದೆ ಮಲಗುತ್ತಿದ್ದೆ.

ತನಿಖೆಗೆ ಎರಡು ದಿನ ಮೊದಲು ನಕ್ಷೆಯಲ್ಲಿ ಉಳಿದಿದ್ದ ಒಂದೇ ಹಳದಿ ಚುಕ್ಕೆಗೆ ಫೋನು ಮಾಡಿದೆ. ಅಕ್ಕಾ, ನಮ್ಮ ಮಾನ ಉಳಿಸು, ಆ ಡಬ್ಬಿ ತೆಗೆದುಬಿಡು ಎಂದು ಬೇಡಿಕೊಂಡೆ. ಕಸ್ತೂರವ್ವ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಆಯ್ತು ತಗೋ, ನೀ ಅಷ್ಟು ಹೇಳ್ತಿ ಅಂದಮೇಲೆ ಎಂದಳು. ಹತ್ತು ನಿಮಿಷಕ್ಕೆ ಚುಕ್ಕೆ ಹಸಿರಾಯಿತು. ಪಟ್ಟಣಶೆಟ್ಟಿ ಸರ್ ನನ್ನ ಮೇಜಿನ ಮೇಲೆ ಒಂದು ಪೇಢೆ ಇಟ್ಟು ಹೋದರು.

ತಂಡ ಬಂತು, ನೋಡಿತು, ಬೆನ್ನು ಚಪ್ಪರಿಸಿತು, ಹೋಯಿತು. ಅವರ ಗಾಡಿಗಳು ಗೇಟು ದಾಟುವುದನ್ನು ನೋಡುತ್ತ ನಿಂತವಳಿಗೆ ಒಮ್ಮೆಲೇ ಹೊಳೆಯಿತು. ಲೋಹದೊಳಗೆ ಮಿಡಿತ ಹೋಗುವುದಿಲ್ಲ ಎಂದು ಇನ್ನೂರು ಮನೆಗೆ ಹೇಳಿದವಳು ನಾನೇ. ಅದರಲ್ಲಿಟ್ಟದ್ದು ಕೆಡುತ್ತದೆ ಎಂದಿದ್ದೆ. ಕೆಡುತ್ತದೆ ಎಂದರೆ ಅಲ್ಲಿ ಜೀವ ಇದೆ ಎಂದಲ್ಲವೇ?

ನೆತ್ತಿಯ ಬಿಸಿಲಲ್ಲಿ ಓಡುತ್ತಲೇ ಹೋದೆ. ಕಸ್ತೂರವ್ವ ಬಾಗಿಲಲ್ಲೇ ಕೂತು ನೂಲಿನ ಗಂಟು ಬಿಡಿಸುತ್ತಿದ್ದಳು. ಡಬ್ಬಿಯಲ್ಲಿ ಏನಿಡುತ್ತಿದ್ದೆ ಎಂದು ಕೇಳಿದೆ.

“ಹೆಪ್ಪ. ಮತ್ತೇನು. ನಿಮ್ಮ ಅತ್ತಿ ಕೊಟ್ಟಿದ್ದ.”

“ಕೂಡತಿತ್ತಾ?”

“ಮೊನ್ನಿ ತನಾ ಕಲ್ಲ ಕೂಡಿದಂಗ ಕೂಡತಿತ್ತು. ನೀ ಡಬ್ಬಿ ತಗಿ ಅಂದಿ, ಪ್ಲಾಸ್ಟಿಕ್ಕಿಗೆ ಹಾಕಿದೆ. ನಿನ್ನಿ ಮುಂಜಾನೆ ಹಾಲು ಹಂಗಽ ಇತ್ತು.”

ಇಡೀ ಓಣಿ ಹೆಪ್ಪಿಲ್ಲದೆ ಒದ್ದಾಡುವಾಗ ನಿನ್ನ ಬಳಿ ಇದೆ ಎಂದು ಒಂದು ಮಾತು ಯಾಕೆ ಹೇಳಲಿಲ್ಲ ಎಂದೆ. ನನ್ನ ದನಿ ಏರಿತ್ತು. ಕಸ್ತೂರವ್ವ ನೂಲನ್ನು ಕೆಳಗಿಟ್ಟಳು.

“ಹೆಂಗ ಹೇಳ್ಲೆವಾ? ಬಸಲಿಂಗವ್ವನ ಹೆಪ್ಪ ಹೋತು, ಕಸ್ತೂರಿ ಮನ್ಯಾಗಿಂದು ಐತಿ ಅಂತ ಓಣ್ಯಾಗ ಡಂಗುರಾ ಹೊಡೀಲೇನು? ಆಕಿ ಕೈಯಿಂದ ಇಸ್ಕೊಂಡಾಕಿ ನಾನು. ನೀ ಫೋನ್ ಮಾಡಿದಾಗ ಒಂದ ಮಾತ ಕೇಳಬೇಕಂದೆ. ಆಕಿ ಸೊಸಿ ಮುಂದ ಆಡೂ ಮಾತಲ್ಲಂತ ಸುಮ್ಮನಾದೆ.”

ಅವಳು ಸುಮ್ಮನಿದ್ದದ್ದು ಮರ್ಯಾದೆಗೆ. ನಾನು ಸುಮ್ಮನಿದ್ದದ್ದು ಹಸಿರು ಚುಕ್ಕೆಗೆ. ಐವತ್ತೆರಡು ವರ್ಷ, ಅದಕ್ಕೂ ಹಿಂದಿನ ಎಷ್ಟೋ ವರ್ಷ ಒಂದು ದಿನವೂ ಕಡಿಯದೆ ಬಂದದ್ದು ಆ ಡಬ್ಬಿಯ ತಳದಲ್ಲಿ ಎರಡು ದಿನದ ಹಿಂದಿನವರೆಗೂ ಬದುಕಿತ್ತು. ಅದನ್ನು ಫೋನು ಮಾಡಿ ಕೊಂದೆ.

ಅಂದೇ ಕಂಟ್ರೋಲ್ ರೂಮಿಗೆ ಮರಳಿ, ಪಟ್ಟಣಶೆಟ್ಟಿ ಸರ್ ಎದುರಿಗೆ ಕೂತು, ತನಿಖಾ ತಂಡಕ್ಕೆ ಕಳಿಸಲು ಎಲ್ಲವನ್ನೂ ಬರೆದೆ. ಅವರು ಸಹಿ ಹಾಕಿದರು. ಪ್ರತಿ ಪೆಟ್ಟಿಗೆಯ ಮೂಲೆಯಲ್ಲಿ ಸ್ಟೀಲ್ ಜಾಳಿಗೆಯ ಒಂದು ಸಣ್ಣ ಗೂಡು ಮಾಡಿದರೆ ಸಾಕಿತ್ತು; ಅದರೊಳಗೆ ಮಿಡಿತ ಇಲ್ಲ, ಹದಿನಾಲ್ಕು ಡಿಗ್ರಿಯ ತಂಪು ಮಾತ್ರ. ಅಂಗೈಯಗಲದ ಜಾಳಿಗೆ. ಎಂಟು ವರ್ಷ ತಲೆ ಕೆಡಿಸಿಕೊಂಡವರಿಗೂ ಅದು ಹೊಳೆದಿರಲಿಲ್ಲ, ದಿನಾ ಸಂಜೆ ಕಟ್ಟೆಯ ಮೇಲೆ ಬಟ್ಟಲುಗಳನ್ನು ನೋಡಿದ ನನಗೂ ಹೊಳೆದಿರಲಿಲ್ಲ. ಈಗ ಜಿಲ್ಲೆಯ ಎಲ್ಲ ಪೆಟ್ಟಿಗೆಗಳಲ್ಲೂ ಆ ಗೂಡಿದೆ.

ಗೂಡು ಬಂತು, ಅದರಲ್ಲಿಡಲು ಹೆಪ್ಪು? ಚಿಕ್ಕವಳಿದ್ದಾಗ ಒಮ್ಮೆ ನಮ್ಮ ಅವ್ವ ಒಣ ಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪು ಹುಟ್ಟಿಸಿದ್ದು ನೆನಪಾಯಿತು. ತೊಟ್ಟಿನಲ್ಲಿ ಹಾಲನ್ನು ಹುಳಿಮಾಡುವ ಜೀವಿಗಳು ಮಲಗಿರುತ್ತವೆ. ಉಗುರುಬೆಚ್ಚನೆಯ ಹಾಲು ಅವುಗಳನ್ನು ಎಬ್ಬಿಸುತ್ತದೆ. ಅತ್ತೆಯ ಮೆಣಸಿನಕಾಯಿ ಡಬ್ಬಿಯಿಂದಲೇ ಏಳು ತೊಟ್ಟು ಮುರಿದುಕೊಂಡೆ. ಮೊದಲ ಸಲ ಹಾಲು ಲೋಳೆಯಾಯಿತು. ಅದರ ಒಂದು ಚಮಚ ಹಾಕಿದ ಎರಡನೆಯದು ನೀರೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಬಟ್ಟಲನ್ನು ವಾಲಿಸಿದರೆ ಅಲುಗಲಿಲ್ಲ. ತಿಂದು ನೋಡಿದೆ. ಒಳ್ಳೆಯ ಮೊಸರೇ. ಆದರೆ ಅತ್ತೆಯ ಮೊಸರಲ್ಲ. ನಾಲಿಗೆಯ ತುದಿಗೆ ಬೇರೆ ಯಾರದೋ ಮನೆಯ ಹುಳಿ.

ಬಟ್ಟಲನ್ನು ಅತ್ತೆಯ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಮಿಡಿತದ ಮಾತು, ನಾನೇ ಏರಿಸಿದ್ದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ತಂಡಕ್ಕಾಗಿ ಮುಚ್ಚಿಟ್ಟದ್ದು, ಕಸ್ತೂರವ್ವನ ಡಬ್ಬಿ. ನಿಮ್ಮ ಕೈ ಕೆಟ್ಟಿಲ್ಲರೀ ಅತ್ತಿ, ನಾ ಕೆಡಿಸಿದೆ ಎಂದೆ. ಹೇಳುತ್ತ ಅಳು ಬಂತು.

ಅತ್ತೆ ನನ್ನ ಮಾತು ಮುಗಿಯುವ ತನಕ ಕೇಳಿದರು. ಆಮೇಲೆ ಎಡಗೈಯಿಂದ ನನ್ನ ತಲೆ ಸವರಿದರು.

“ನನ್ನ ಸಮಾಧಾನಕ್ಕ ಇಷ್ಟ ದೊಡ್ಡ ಕತಿ ಕಟ್ಟೀಯಲ್ಲ. ಮನಸಿನಾಗ ಇಟ್ಕೊಂಡು ನೊಂದಿ ನೀನು, ನನಗ ಗೊತ್ತಾಗಿತ್ತು. ಖರೇನ ಇದ್ರ ಅವತ್ತಽ ಹೇಳತಿದ್ದಿ. ನೀ ಸುಳ್ಳ ಹೇಳಾಕಿ ಅಲ್ಲ.”

ಖರೆ ಎಂದೆ. ಆಣೆ ಮಾಡಿದೆ. ನನ್ನ ಜೊತೆ ಬನ್ನಿ, ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ ಎಂದೆ. ಅವರು ನಕ್ಕು, ಬಟ್ಟಲಿನಿಂದ ಒಂದಿಷ್ಟು ಮೊಸರು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ನಾಲಿಗೆಯ ಮೇಲಿಟ್ಟುಕೊಂಡರು.

“ಬ್ಯಾರೆ ಐತಿ,” ಎಂದರು. “ಆದ್ರ ಛಲೋ ಕೂಡೇತಿ. ಯಾರ ಹಾಕಿದ್ದು?”

“ನಾನು.”

“ಹಂಗಾರ ನಿನ್ನ ಕೈಗೆ ಬಂತವಾ. ನಮ್ಮತ್ತಿ ನನಗ ಕೊಟ್ಟಿದ್ಲು. ಇನ್ನ ಮ್ಯಾಲ ಓಣಿಗೆ ನೀ ಕೊಡು.”

ಮಂಡಿ ಹಿಡಿದುಕೊಂಡು ಎದ್ದು, ನಾಗೊಂದಿಗೆಯ ಮೇಲಿನ ಗಡಿಗೆಯನ್ನು ಇಳಿಸಿ, ತಮ್ಮ ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

ಓಣಿಯವರಿಗೂ ಹೇಳಿದೆ. ಅವರು ಅರ್ಧ ನಂಬಿದರು. ಬಸಲಿಂಗವ್ವನ ಸೊಸೆ ಅತ್ತೆಯ ಮಾನ ಕಾಯುತ್ತಾಳೆ, ಇಂಥವರು ಸಿಗುವುದಿಲ್ಲ ಎಂದು ಮಾತಾಡಿಕೊಂಡರಂತೆ. ಜಾಳಿಗೆಯ ಗೂಡಿನಲ್ಲಿಡಲು ಹೆಪ್ಪು ಬೇಕಲ್ಲ, ಮರುದಿನ ಸಂಜೆಯೇ ಬಟ್ಟಲುಗಳು ಬಂದವು. ಪಾಳಿಯಿಂದ ಬಂದವಳು ಬ್ಯಾಗು ಕೆಳಗಿಟ್ಟು ಕಟ್ಟೆಗೆ ಕೂತೆ. ಅತ್ತೆ ಬರಲಿಲ್ಲ. ಒಳಗೆ, ಬಾಗಿಲಿಗೆ ಬೆನ್ನು ಹಾಕಿ ಬತ್ತಿ ಹೊಸೆಯುತ್ತಿದ್ದರು. ನೀಲಾ ಅವರ ಬೆನ್ನಿಗೆ ಒರಗಿದ್ದಳು.

ಮೊದಲು ಬಂದವಳು ಕಸ್ತೂರವ್ವ. ಸ್ಟೀಲ್ ಡಬ್ಬಿಯನ್ನೇ ತಂದಿದ್ದಳು. ಅದರ ತಳ ಖಾಲಿ ಇತ್ತು. ಒಂದು ಚಮಚ ಹಾಕಿ, ಮುಚ್ಚಳ ಮುಚ್ಚಿ, ಅವಳ ಕಡೆ ಚಾಚಿದೆ.

ಒಳಗಿನಿಂದ, ತಿರುಗದೆಯೇ, ಅತ್ತೆ ಹೇಳಿದರು: “ಬರೇ ಕೊಡಬ್ಯಾಡ ದಾಕ್ಷಾಯಣಿ. ಮ್ಯಾಲ ಮೆಣಸಿನಕಾಯಿ ಇಡು.”

ನಾನು ಡಬ್ಬಿಯನ್ನು ಮತ್ತೆ ತೆರೆದೆ.